ಕೋಷ್ಟಕದ ಮೂರನೆಯ ಸಾಲು

ಶನಿವಾರ ಶಾಲೆ ಬಿಟ್ಟ ಮೇಲೆ ಏಳನೇ ಕ್ಲಾಸಿನ ಐದಾರು ಹುಡುಗಿಯರು ಕೊಳ್ಳೇಗಾಲದ ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ಶಾಲೆಯಲ್ಲಿ ಅವರಿಗೊಂದು ಸಂಶೋಧನಾ ಪ್ರಬಂಧ ಬರೆಯಲು ಕೊಟ್ಟಿದ್ದರು. ಅದನ್ನು ತಿದ್ದಿ ಒಪ್ಪವಾಗಿ ಜೋಡಿಸಿಕೊಡುವುದು ನನ್ನ ಕೆಲಸ. ರಿಟೈರ್ ಆದ ಟೀಚರಿಗೆ ಅದಕ್ಕಿಂತ ಸುಖ ಬೇರೇನಿದೆ? ಮಾರ್ಜಿನ್ ಎರಡು ಬೆರಳಗಲ, ಹೆಡಿಂಗಿಗೆ ಅಂಡರ್‌ಲೈನ್, ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು, ಮನೆಯ ವಿಚಾರ ಬೇಡವೇ ಬೇಡ. ಇದೆಲ್ಲ ನಾನು ಮೈಸೂರಿನ ಕಾನ್ವೆಂಟಿನಲ್ಲಿ ಕಲಿತದ್ದು. ಅಲ್ಲಿನ ಸಿಸ್ಟರ್ ಒಬ್ಬರು ಸ್ಕೇಲನ್ನು ಚಪ್ಪಟೆ ಹಿಡಿದು ಹೊಡೆಯುತ್ತಿರಲಿಲ್ಲ, ಅಂಚಿನಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ರಕ್ತ ಬಂದರೆ ಕರ್ಚೀಫ್ ಕೊಟ್ಟು, ಪುಟದ ಮೇಲೆ ಬೀಳದ ಹಾಗೆ ನೋಡಿಕೋ ಅನ್ನುತ್ತಿದ್ದರು. ಅದನ್ನೇ ಡಿಸಿಪ್ಲಿನ್ ಎಂದು ನಾನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ಹುಡುಗಿಯರಲ್ಲಿ ಒಬ್ಬಳು ರೇಷ್ಮೆ ನೂಲು ಬಿಚ್ಚುವ ಕೆಲಸದ ಮೇಲೆ ಬರೆದಿದ್ದಳು. ಅವಳ ತಾಯಿ ಊರಂಚಿನ ಶೆಡ್ಡೊಂದರಲ್ಲಿ ನೂಲು ತೆಗೆಯುವವಳು. ತಂದೆ ಅಲ್ಲೇ ಒಲೆಗೆ ಸೌದೆ ಹಾಕುವವನು. ‘ಹುಳು ಗೂಡಿನೊಳಗೆ ಜೀವಂತ ಇರುವಾಗಲೇ ಕುದಿನೀರಿಗೆ ಹಾಕಿ ಕೊಲ್ಲುತ್ತಾರೆ. ಅದು ಚಿಟ್ಟೆಯಾಗಿ ಕೊರೆದುಕೊಂಡು ಹೊರಬಂದರೆ ನೂಲು ತುಂಡಾಗುತ್ತದೆ’ ಎಂದು ಬರೆದಿದ್ದಳು. ಪಕ್ಕದಲ್ಲಿ ವೆರಿ ಗುಡ್ ಎಂದು ಬರೆದೆ. ಪುಟ ತಿರುವಿದರೆ, ಕೆಲಸದಲ್ಲಿ ಆಗುವ ಗಾಯಗಳ ಒಂದು ಕೋಷ್ಟಕ. ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಬಿಸಿನೀರು ಎಗರುವುದು: ಬೆರಳ ತುದಿ ಬೇಯುತ್ತದೆ. ರಾಟೆಗೆ ಸಿಕ್ಕುವುದು: ಉಗುರು ಕಿತ್ತುಬರುತ್ತದೆ. ಅಪ್ಪ ಅವ್ವನ ಕೈ ಹಿಡಿದು ಬಿಸಿನೀರಿಗೆ ಅದ್ದುವುದು: ಎಡಗೈ, ಮಣಿಕಟ್ಟಿನವರೆಗೆ.

ಉಳಿದ ಹುಡುಗಿಯರು ಕೂತಿದ್ದರು. ನನಗೆ ಮುಜುಗರವಾಯಿತು, ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಮೂರನೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದೆ.

“ಕಂಡಿದ್ನ ಬರೀರಿ ಅಂತ ನೀವೇ ಏಳಿದ್ರಲ್ಲ ಮಿಸ್. ನಾ ಕಂಡಿವ್ನಿ,” ಎಂದಳು.

“ನಾಟ್ ರಿಲೆವೆಂಟ್, ಚೈಲ್ಡ್. ಇದು ರೇಷ್ಮೆ ವಿಷಯ.”

ಅವಳು ತಲೆ ಬಗ್ಗಿಸಿ ಫೇರ್ ಕಾಪಿ ಮಾಡತೊಡಗಿದಳು. ಮುಗಿದ ಮೇಲೆ ನನ್ನ ಇನ್ನೊಂದು ನಿಯಮ: ಎಷ್ಟು ತಿದ್ದಿದ್ದಾರೆಂದು ಗೊತ್ತಾಗಲು ರಫ್ ಕಾಪಿಯನ್ನೂ ಹಿಂದೆ ಪಿನ್ ಮಾಡಬೇಕು, ಕೊನೆಯ ಪುಟಕ್ಕೆ ತಂದೆಯ ಸಹಿ ಹಾಕಿಸಿಕೊಂಡು ಬರಬೇಕು. ಹಾಗೇ ಮಾಡು ಎಂದು ಕಳಿಸಿದೆ. ಕೆಂಪು ಗೆರೆಯ ಕೆಳಗೆ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನನಗದು ಹೊಳೆಯಲೇ ಇಲ್ಲ.

ಬುಧವಾರ ಬೆಳಿಗ್ಗೆ ಅವಳ ತಂದೆ ಬಂದ. ಚಪ್ಪಲಿ ಕಳಚಿ, ಜಗಲಿಯ ಕೆಳಗೇ ನಿಂತು ಕೈಮುಗಿದ.

“ಮಗ್ಳು ಏನೇನೋ ಬರ್ದ್ಬುಟ್ಟಿದ್ಲು. ನೀವು ಕೆಂಪಿಂಕಲ್ಲಿ ಒಡ್ದಾಕಿದ್ರಿ. ಮನೆ ಮಾನ ಉಳಿಸ್ಬುಟ್ರಿ ಅಮ್ಮಾವ್ರೆ.”

ಅವನೇ ಮುಂದುವರಿಸಿದ.

“ಅದ್ನೆಲ್ಲ ಏಳ್ಕೊಟ್ಟವ್ಳು ಅವ್ಳವ್ವ. ನೆನ್ನೆ ಇನ್ನೊಂದ್ ಕೈಗೂ ಬುದ್ಧಿ ಕಲ್ಸಿವ್ನಿ.”

ಎಪ್ಪತ್ತು ದಾಟಿದ ನಾನು ಎದ್ದದ್ದು, ಊರುಗೋಲು ಎತ್ತಿದ್ದು ನೆನಪಿದೆ. ಅವನ ಕಿವಿಯ ಮೇಲೆ ಹೊಡೆದೆ. ಇನ್ನೊಂದು ಏಟಿಗೆ ಎತ್ತುವಷ್ಟರಲ್ಲಿ ಕೋಲಿನ ತುದಿ ಹಿಡಿದು ಎಳೆದ. ಕೋಲಿನ ಜೊತೆ ನಾನೂ ಹೋದೆ. ಮೆಟ್ಟಿಲ ಕಲ್ಲಿಗೆ ಗಲ್ಲ ಬಡಿದು ಸೀಳಿತು, ಬಾಯಿ ತುಂಬ ರಕ್ತ. ಕೋಲನ್ನು ಮಂಡಿಗೆ ಕೊಟ್ಟು ಮುರಿದು ಚರಂಡಿಗೆ ಎಸೆದ. ಕಿವಿ ಒರೆಸಿಕೊಂಡು, ವಯಸ್ಸಾದವರು ಸುಮ್ಮನೆ ಮನೆಯಲ್ಲಿರಿ ಅಂದು, ಚಪ್ಪಲಿ ಮೆಟ್ಟಿಕೊಂಡು ಹೋದ. ಒಂದು ಮಾತು ಒಪ್ಪಿಕೊಳ್ಳಬೇಕು. ಆ ಏಟು ಹೊಡೆದಾಗ ನನಗೆ ಖುಷಿಯಾಗಿತ್ತು.

ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು, ಕೈ ಬೆಂದ ಹೆಂಗಸೊಬ್ಬಳು ನೆನ್ನೆ ಸೇರಿದ್ದಾಳೆಂದು ನರ್ಸಿನಿಂದ ತಿಳಿದು ಹೆಂಗಸರ ವಾರ್ಡಿಗೆ ಹೋದೆ. ತಾಯಿಯ ಎರಡೂ ಕೈಗೆ ಬ್ಯಾಂಡೇಜು, ಇನ್ನೂ ಮಾಗದ ಎಡಗೈಗೆ ಮಣಿಕಟ್ಟಿನವರೆಗೆ, ಬಲಗೈಗೆ ಮೊಣಕೈವರೆಗೆ. ಹುಡುಗಿ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಕುದಿನೀರು ಮಗುಚಿಕೊಂಡಿತು ಎಂದು ತಾಯಿ ಡಾಕ್ಟರಿಗೆ ಹೇಳಿಬಿಟ್ಟಿದ್ದಳು. ಹೇಳಿಕೆ ಪಡೆಯಲು ಬಂದ ಮಹಿಳಾ ಪೊಲೀಸಿಗೂ ಅದನ್ನೇ ಹೇಳುತ್ತಿದ್ದಳು.

ನಾನು ಅಡ್ಡ ಹೋಗಿ ತಾಯಿಗೂ ಪೊಲೀಸಿಗೂ ನಡೆದದ್ದೆಲ್ಲ ಹೇಳಿದೆ. ಸಾಲು ಹೊಡೆದದ್ದು ನಾನು, ರಫ್ ಕಾಪಿ ಅವನ ಕೈಗೆ ಹೋಗುವ ಹಾಗೆ ಮಾಡಿದ್ದೂ ನಾನು, ಮಗಳದ್ದು ಏನೂ ತಪ್ಪಿಲ್ಲ ಎಂದೆ. ತಾಯಿ ನನ್ನ ಗಲ್ಲದ ಪಟ್ಟಿಯನ್ನು ನೋಡಿದಳು.

“ನಿಮ್ಗೂ ಕುದಿನೀರೇ ಎಗರ್ತಾ ಅಮ್ಮಾವ್ರೆ?”

ಪೊಲೀಸಿನವಳು ಬರೆಯುವುದನ್ನು ನಿಲ್ಲಿಸಿದಳು. ತಾಯಿ ಅವಳತ್ತ ತಿರುಗಿ, “ಅದ ಒಡ್ದಾಕಿ, ಬ್ಯಾರೆ ಬರ್ಕಳಿ,” ಅಂದಳು. ಆಮೇಲೆ ಎಡಗೈಯದು, ಬಲಗೈಯದು, ಹನೂರಿನ ತವರಿಗೆ ಓಡಿಹೋದಾಗ ಜಡೆ ಹಿಡಿದು ಬಸ್ಸಿನಿಂದ ಎಳೆದು ತಂದದ್ದು, ಎಲ್ಲವನ್ನೂ ಸಾವಕಾಶವಾಗಿ ಹೇಳಿದಳು.

ಕೊನೆಗೆ ಸಹಿ. ಸಹಿ ಬರುತ್ತಿತ್ತು, ಕೈ ಇರಲಿಲ್ಲ. ಹೆಬ್ಬೆಟ್ಟೂ ಬ್ಯಾಂಡೇಜಿನೊಳಗೆ. ಪೊಲೀಸಿನವಳು ಯೋಚಿಸಿ, ಕಾಲಿನ ಹೆಬ್ಬೆರಳು ಆಗುತ್ತದೆ ಅಂದಳು. ಇಂಕ್ ಪ್ಯಾಡನ್ನು ನಾನು ಹಿಡಿದೆ. ಹುಡುಗಿ ಎದ್ದುಬಂದು ತಾಯಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಇಂಕು ಹೆಚ್ಚಾಗಿ ಮೊದಲನೆಯ ಗುರುತು ಕದಡಿಹೋಯಿತು. ಎರಡನೆಯದು ಚೆನ್ನಾಗಿ ಮೂಡಿತು. ಹುಡುಗಿ ಬಗ್ಗಿ ಊದಿ ಊದಿ ಒಣಗಿಸಿದಳು.

ಅಂದು ಸಂಜೆಯೊಳಗೆ ಅವನನ್ನು ಹಿಡಿದರು. ತಾಯಿ ಮಗಳು ಈಗ ಯಳಂದೂರಿನಲ್ಲಿ, ತಾಯಿಯ ಅಕ್ಕನ ಮನೆಯಲ್ಲಿದ್ದಾರೆ. ಹುಡುಗಿ ಅಲ್ಲಿನ ಶಾಲೆಗೆ ಸೇರಿದಳಂತೆ. ಪ್ರಬಂಧ ಏನಾಯಿತು ಎಂದು ಕೇಳುವ ಮುಖ ನನಗಿಲ್ಲ.