ಹಲ್ಲಿಗೆ ಹಚ್ಚಿದ ಬಣ್ಣ

ನಾಟಕ ತಂಡ ಸೇರಿದ ಮೊದಲ ವರ್ಷ ನನಗೆ ಸಿಕ್ಕಿದ್ದು ಹಲ್ಲು ಕಂದುಗಟ್ಟಿದ ಹುಡುಗಿಯ ಪಾತ್ರ. ಆಗಷ್ಟೇ ಎಂ.ಎ. ಮುಗಿಸಿ ಕೋಲಾರದ ಮನೆಗೆ ಹಿಂತಿರುಗಿದ್ದೆ. ಕಾಲೇಜಿನ ವಾರ್ಷಿಕೋತ್ಸವ ಬಿಟ್ಟರೆ ವೇದಿಕೆ ಹತ್ತಿದವಳಲ್ಲ. ತಂಡ ಚಿಕ್ಕದು. ಶಾಲೆಯಿಂದ ಶಾಲೆಗೆ ಹೋಗಿ ಪಾಠದ ವಿಷಯಗಳನ್ನು ನಾಟಕ ಮಾಡಿ ಆಡುವುದು ಅದರ ಕೆಲಸ. ನಿರ್ದೇಶಕರೇ ವ್ಯಾನು ಓಡಿಸುತ್ತಿದ್ದರು, ಮೈಕಿನ ವೈರನ್ನೂ ಅವರೇ ಸುತ್ತಿಡುತ್ತಿದ್ದರು.

ಆ ವರ್ಷದ ನಾಟಕ ಕುಡಿಯುವ ನೀರಿನದು. ನಮ್ಮ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಚಿಕ್ಕಂದಿನಿಂದ ಅದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ. ಉಜ್ಜಿದರೆ ಹೋಗುವುದಿಲ್ಲ. ನಾಟಕದ ಹುಡುಗಿ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಎಲ್ಲದರಿಂದಲೂ ಉಜ್ಜಿ ಸೋತು ಡಾಕ್ಟರ ಬಳಿ ಬರುತ್ತಾಳೆ. ತಪ್ಪು ಹಲ್ಲಿನದಲ್ಲ, ನೀರಿನದು ಎಂದು ಡಾಕ್ಟರು ಹೇಳುತ್ತಾರೆ. ಕೊನೆಗೆ ಊರಿನವರೆಲ್ಲ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಾರೆ.

ಈ ಪಾತ್ರವನ್ನು ನನಗಿಂತ ಮೊದಲು ಮಾಡುತ್ತಿದ್ದವರು ಮುಂದಿನ ಎರಡು ಹಲ್ಲಿಗೆ ಕಪ್ಪು ಬಳಿದುಕೊಂಡು ಬರುತ್ತಿದ್ದರಂತೆ. ಅದು ನನಗೆ ಸರಿಬರಲಿಲ್ಲ. ಪರಿಚಯದ ದಂತವೈದ್ಯರಲ್ಲಿಗೆ ಹೋಗಿ ಚಿತ್ರಗಳನ್ನು ನೋಡಿ ಬಂದೆ. ಗೆರೆಗಳು ಅಡ್ಡಡ್ಡ ಇರುತ್ತವೆ, ನಡುವೆ ಸುಣ್ಣದಂಥ ಬಿಳಿ ಮಚ್ಚೆಗಳಿರುತ್ತವೆ, ಮೇಲಿನ ಹಲ್ಲುಗಳಲ್ಲಿ ಕಲೆ ಹೆಚ್ಚು. ಹತ್ತಿಯಿಂದ ಹಲ್ಲು ಒಣಗಿಸಿ, ಸಣ್ಣ ಬ್ರಷ್ಷಿನಿಂದ ಒಂದೊಂದೇ ಗೆರೆ ಎಳೆದು, ಬಣ್ಣ ಒಣಗುವವರೆಗೆ ತುಟಿ ಬಿಚ್ಚಿಕೊಂಡೇ ನಿಲ್ಲುವುದನ್ನು ಕಲಿತೆ. ಆಮೇಲೆ ನೀರು, ಟೀ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ.

"ಇಷ್ಟೊಂದು ನಾಜೂಕು ಯಾಕಮ್ಮಾ? ಹಿಂದಿನ ಸಾಲಿನೋರಿಗೆ ಏನ್ ಕಾಣುತ್ತೆ?" ಎಂದರು ನಿರ್ದೇಶಕರು.

"ಮುಂದಿನ ಸಾಲಿನವರಿಗೆ ಕಾಣುತ್ತಲ್ಲ ಸರ್" ಎಂದೆ.

ನಾಟಕದಲ್ಲಿ ನನಗೆ ಎರಡು ನಗುಗಳನ್ನು ಗೊತ್ತುಮಾಡಿದ್ದರು. ಮೊದಲನೆಯದು ಪ್ರವೇಶದಲ್ಲಿ. ಎರಡು ಜಡೆ, ಕೆಂಪು ರಿಬ್ಬನ್ನಿನ ಹುಡುಗಿ ಓಡಿಬಂದು ಮಕ್ಕಳತ್ತ ತಿರುಗಿ ಹಲ್ಲು ಕಿರಿದು ಹಾಗೇ ನಿಲ್ಲಬೇಕು. ಮಕ್ಕಳು ನಗುತ್ತಾರೆ. ಎರಡನೆಯದು ಎಲ್ಲ ಮುಗಿದ ಮೇಲೆ. ಶಾಲೆಯವರ ವಂದನಾರ್ಪಣೆ ಆದ ನಂತರ ನಾವು ಸಾಲಾಗಿ ನಿಂತು, ನಮ್ಮ ನಮ್ಮ ಊರು ಹೇಳಿ, ವೇಷ ಕಳಚುತ್ತಿದ್ದೆವು. ಡಾಕ್ಟರ ಪಾತ್ರದವರು ತಮ್ಮ ಅಂಟು ಮೀಸೆ ಕೀಳುತ್ತಿದ್ದರು. ನಾನು ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿ ಬಿಳುಪು ತೋರಿಸುತ್ತಿದ್ದೆ. ಮಕ್ಕಳು "ಹೋ" ಎಂದು ಕೂಗುತ್ತಿದ್ದರು. ಇದು ನಿರ್ದೇಶಕರು ಮಾಡಿದ ನಿಯಮ. ಹಿಂದೊಮ್ಮೆ ಹಾವು ಕಚ್ಚಿ ಸತ್ತ ಪಾತ್ರವನ್ನು ನೋಡಿದ ಒಂದನೇ ತರಗತಿಯ ಮಕ್ಕಳು ಹೆದರಿ ಮಾರನೆಯ ದಿನ ಶಾಲೆಗೇ ಬಂದಿರಲಿಲ್ಲವಂತೆ. ಮಕ್ಕಳು ಮನೆಗೆ ಹೋಗುವಾಗ ತಾವು ನೋಡಿದ್ದು ನಾಟಕ ಎಂದು ತಿಳಿದಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಎನ್ನುತ್ತಿದ್ದರು.

ಮೊದಲ ಪ್ರದರ್ಶನ ಮಾಲೂರಿನ ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿನ ಎಷ್ಟೋ ಮಕ್ಕಳ ಅಪ್ಪಂದಿರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ನಾನು ಹಲ್ಲು ಕಿರಿದ ಕೂಡಲೇ ಸಭಾಂಗಣವೆಲ್ಲ ನಕ್ಕಿತು. "ಛೀ, ಬ್ರಷ್ ಮಾಡಲ್ವಾ!" ಎಂದು ಒಬ್ಬ ಕೂಗಿದ. ನಿರ್ದೇಶಕರು ಪಕ್ಕದಿಂದಲೇ ಹೆಬ್ಬೆರಳೆತ್ತಿ ತೋರಿಸಿದರು. ಆಮೇಲೆ ವೇಮಗಲ್ಲಿನ ಬಳಿಯ ಶಾಲೆಯಲ್ಲಿ, ಕಾರ್ಖಾನೆಗೆ ಹೋಗುವ ಲಾರಿಗಳ ಸದ್ದಿನ ನಡುವೆಯೂ ಜನ ನಕ್ಕರು. ಮುಳಬಾಗಿಲಿನ ಹಳ್ಳಿಯ ಶಾಲೆಯಲ್ಲಿ ನಗು ಸ್ವಲ್ಪ ಕಡಿಮೆಯಾಯಿತು. ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಾಚಿಕೆ ಇರಬೇಕೆಂದುಕೊಂಡೆ. ನಗು ಬಂದರೆ ಪಾತ್ರ ಸರಿಯಾಗಿದೆ ಎಂಬುದಷ್ಟೇ ಆಗ ನನಗಿದ್ದ ಲೆಕ್ಕ.

ಕೊನೆಯ ಪ್ರದರ್ಶನ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನ ಆಚೆ, ಆಂಧ್ರದ ಗಡಿಯ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ದಾರಿಯ ಎರಡೂ ಬದಿಗೆ ಮಾವಿನ ತೋಪುಗಳು, ನಡುನಡುವೆ ಕಡ್ಡಿ ನೆಟ್ಟ ಟೊಮೆಟೊ ಹೊಲ. ಧ್ವಜಸ್ತಂಭದ ಕಟ್ಟೆಯೇ ನಮ್ಮ ವೇದಿಕೆ. ನಾನು ವೇಷ ಹಾಕಿಕೊಳ್ಳಲು ಒಂದು ತರಗತಿಯ ಕೋಣೆ ಕೊಟ್ಟಿದ್ದರು. ಗೆರೆ ಎಳೆದು ಮುಗಿಸಿ, ಬಾಗಿಲ ಹಿಂದೆ ತುಟಿ ಬಿಚ್ಚಿಕೊಂಡು ನಿಂತಿದ್ದಾಗ ಹೊರಗೆ ಜಗುಲಿಯಲ್ಲಿ ಮುಖ್ಯೋಪಾಧ್ಯಾಯಿನಿಯ ದನಿ ಕೇಳಿಸಿತು.

"ಅಲ್ಲ ಕಣೇ, ವಂದನಾರ್ಪಣೆ ಪೂರ್ತಿ ಬಾಯಿಪಾಠ ಮಾಡಿದೀಯ. ಈಗ ಬಂದು ಆಗಲ್ಲ ಅಂದ್ರೆ?"

"ಬೇಡ ಮೇಡಂ. ಬೇರೆ ಯಾರ ಕೈಲಾದ್ರೂ ಹೇಳ್ಸಿ."

"ಬೇರೆ ಯಾರೇ? ಅವರಿಗೆ ಮೈಕ್ ಕೊಟ್ರೆ ತೆಲುಗಲ್ಲಿ ಶುರು ಮಾಡ್ಕೋತಾರೆ. ಓದೋದ್ರಲ್ಲಿ ಫಸ್ಟು, ಕಂಠ ಅಂದ್ರೆ ಕಂಠ. ಏನಾಗಿದೆ ನಿಂಗೆ?"

ಹುಡುಗಿ ದನಿ ತಗ್ಗಿಸಿ ಹೇಳಿದಳು: "ಬಾಯಿ ಬಿಟ್ರೆ ನಗ್ತಾರೆ ಮೇಡಂ."

"ಯಾರೇ ನಗೋದು? ಇಲ್ಲಿರೋರೆಲ್ಲಾ ನಮ್ಮೋರೇ ಅಲ್ವಾ?"

"ನಮ್ಮೋರಲ್ಲ. ಬಂದಿರೋರು."

ಬಂದಿರುವವರು ಎಂದರೆ ನಾವು. ಬಾಗಿಲ ಸಂದಿಯಲ್ಲಿ ನೋಡಿದೆ. ಎಂಟನೆಯ ತರಗತಿಯವಳಿರಬೇಕು, ಎತ್ತರದ ಹುಡುಗಿ. ಸಮವಸ್ತ್ರದ ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ವೇಲು ಜಾರಿದಾಗ ಕಂಡಿತು. ಅಡ್ಡಡ್ಡ ಗೆರೆ, ನಡುವೆ ಬಿಳಿ ಮಚ್ಚೆ. ನನ್ನ ಬಾಯಲ್ಲಿ ಅದೇ ಗೆರೆಗಳು ಇನ್ನೂ ಒಣಗುತ್ತಿದ್ದವು. ಏನಾದರೂ ಹೇಳಬೇಕೆನಿಸಿದ್ದರೂ ತುಟಿ ಅಲುಗಿಸುವ ಹಾಗಿರಲಿಲ್ಲ.

ನಾಟಕ ಶುರುವಾಯಿತು. ಓಡಿಬಂದೆ, ಮಕ್ಕಳತ್ತ ತಿರುಗಿದೆ, ಹಲ್ಲು ಕಿರಿದು ನಿಂತೆ. ಯಾರೂ ನಗಲಿಲ್ಲ.

ನೆಲದ ಮೇಲೆ ಕುಳಿತಿದ್ದ ಮುಂದಿನ ಸಾಲಿನ ಮಕ್ಕಳು ನನ್ನ ಬಾಯಿಯನ್ನೇ ಗಮನವಿಟ್ಟು ನೋಡುತ್ತಿದ್ದರು. ಒಬ್ಬ ಪಕ್ಕದವನ ಪಕ್ಕೆಗೆ ತಿವಿದು, "ಒರೇ, ಅಕ್ಕದಿ ಕೂಡಾ ಮನ ಲಾಗೇ ರಾ" ಎಂದ. ಅಕ್ಕನದೂ ನಮ್ಮ ಹಾಗೇ ಎಂದು. ಇನ್ನೊಬ್ಬಳು ನನಗೆ ಕೈ ಬೀಸಿದಳು, ಗುರುತಿದ್ದವಳ ಹಾಗೆ. ನಾನು ಮುಂದಿನ ಮಾತಿಗೆ ಹೋದೆ. ಇಟ್ಟಿಗೆ ಪುಡಿಯಲ್ಲಿ ಹಲ್ಲುಜ್ಜುವ ದೃಶ್ಯದಲ್ಲಿ ಮಾತ್ರ ಬಿದ್ದು ಬಿದ್ದು ನಕ್ಕರು. "ನಮ್ಮಜ್ಜಿನೂ ಅದನ್ನೇ ಕೊಟ್ಟಿದ್ಲು!" ಎಂದು ಯಾರೋ ಕೂಗಿದರು. ಮಾಲೂರಿನಲ್ಲಿ ಆ ದೃಶ್ಯಕ್ಕೆ ಯಾರೂ ನಕ್ಕಿರಲಿಲ್ಲ.

ನಾಟಕ ಮುಗಿದ ಮೇಲೆ ಅತಿಥಿಗಳಿಗೆ ಟೀ ಎಂದು ಸ್ವಲ್ಪ ಬಿಡುವು ಕೊಟ್ಟರು. ಲೋಟಗಳ ತಟ್ಟೆ ಹಿಡಿದು ಕೋಣೆಗೆ ಬಂದವಳು ಅದೇ ಹುಡುಗಿ. ಎರಡೂ ಕೈ ತಟ್ಟೆಗೆ ಬೇಕಾದ್ದರಿಂದ ವೇಲನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ನನ್ನ ಮುಂದೆ ತಟ್ಟೆ ಚಾಚಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ತಟ್ಟೆಯನ್ನು ಬೆಂಚಿನ ಮೇಲಿಟ್ಟು, ವೇಲನ್ನು ಕೈಯಿಂದ ಬಾಯಿಗೆ ಅಡ್ಡ ಹಿಡಿದು ಅಲ್ಲೇ ನಿಂತಳು.

"ಅಕ್ಕಾ, ನೀವು ಯಾವೂರು?"

"ಕೋಲಾರ."

"ಅಲ್ಲೂ ಬೋರ್ ನೀರೇನಾ?"

"ಹೂಂ. ಅಲ್ಲೂ ಬೋರ್ ನೀರೇ."

"ನಾಟಕದಲ್ಲಿ ಸೇರಿಸ್ಕೊಳ್ಳೋವಾಗ ಏನೂ ಅನ್ಲಿಲ್ವಾ?"

"ಯಾವುದಕ್ಕೆ?"

ಅವಳು ವೇಲು ಬಿಟ್ಟು ಬೆರಳಿಂದ ತೋರಿಸಿದಳು. ನನ್ನ ಹಲ್ಲನ್ನಲ್ಲ, ತನ್ನದನ್ನು. "ಇದಕ್ಕೆ."

"ಯಾರೂ ಏನೂ ಅಂದಿಲ್ಲ" ಎಂದೆ. ನಾನು ಹೇಳಿದ ಮೂರೂ ಮಾತು ನಿಜವಾಗಿದ್ದವು. ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಕುಡಿಯಲು ಬೇರೆ ನೀರು ತರಿಸುತ್ತಿದ್ದರು ಎಂಬುದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಡಾಕ್ಟರ ಪಾತ್ರ ಮಾಡುತ್ತಿದ್ದವರು ತಂಡದಲ್ಲಿ ಎಲ್ಲರಿಗಿಂತ ಹಿರಿಯರು, ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ಒಳಗೆ ಬಂದು ಎರಡು ಲೋಟ ಎತ್ತಿಕೊಂಡರು. "ನಿನ್ನ ಪಾಲಿಂದೂ ನಾನೇ ಕುಡೀತೀನಿ ಬಿಡು. ನೀನು ಟೀ ಮುಟ್ಟಿದ್ರೆ ನಿನ್ನ ಹಲ್ಲಿನ ಬಣ್ಣ..."

"ಅಣ್ಣಾ, ನಿಮ್ಮ ಮೀಸೆ ಒಂದ್ ಕಡೆ ಬಿಚ್ಚೋಗಿದೆ" ಎಂದೆ.

ಅವರು ಗಾಬರಿಯಿಂದ ಮೂಗಿನ ಕೆಳಗೆ ಕೈ ಒತ್ತಿಕೊಂಡು ಕನ್ನಡಿ ಹುಡುಕಿಕೊಂಡು ಹೋದರು. ಮೀಸೆ ನೆಟ್ಟಗೇ ಇತ್ತು. ಹುಡುಗಿ ಕಿಸಕ್ಕನೆ ನಕ್ಕಳು, ನಕ್ಕದ್ದು ಗೊತ್ತಾಗಿ ಬಾಯಿಗೆ ಕೈ ತಂದಳು, ನನ್ನ ಮುಖ ನೋಡಿ ಮತ್ತೆ ಕೈ ಕೆಳಗಿಳಿಸಿದಳು. ಹೊರಗೆ ಹೋದವಳು ಜಗುಲಿಯಲ್ಲಿ ಹೇಳಿದ್ದು ಕೇಳಿಸಿತು: "ಮೇಡಂ, ನಾನೇ ಹೇಳ್ತೀನಿ."

ನಾನು ನಿರ್ದೇಶಕರನ್ನು ಹುಡುಕಿಕೊಂಡು ಕಟ್ಟೆಯ ಹತ್ತಿರ ಹೋದೆ. ಮೈಕು ಸರಿಮಾಡುತ್ತಿದ್ದರು.

"ಸರ್, ಇವತ್ತು ಕೊನೆಗೆ ಹಲ್ಲು ಒರೆಸೋದು ಬೇಡ."

"ಯಾಕೆ?"

"ಇಲ್ಲಿನ ಮಕ್ಕಳು ಇದು ನಿಜ ಅಂದ್ಕೊಂಡಿದಾರೆ."

"ಅದಕ್ಕೇ ಒರೆಸಬೇಕು. ನಿಯಮ ಇರೋದು ಯಾತಕ್ಕೆ ಮತ್ತೆ?" ಅವರು ಮೈಕನ್ನು ಎರಡು ಸಲ ತಟ್ಟಿದರು. ಮುಖ್ಯೋಪಾಧ್ಯಾಯಿನಿ ಆಗಲೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ವಿವರಿಸಲು ಸಮಯ ಸಿಗಲಿಲ್ಲ.

ಹುಡುಗಿ ಕಟ್ಟೆ ಹತ್ತಿದಳು. ವೇಲು ಎರಡೂ ಭುಜಕ್ಕೆ ಪಿನ್ ಹಾಕಿ ನೆಟ್ಟಗಿತ್ತು. ಕೈಯಲ್ಲಿ ಕಾಗದವಿರಲಿಲ್ಲ. ಮೊದಲ ವಾಕ್ಯ ಮೈಕಿಗೆ ಸಿಗಲಿಲ್ಲ. ಹಿಂದಿನಿಂದ ಹುಡುಗರು "ಕೇಳಿಸ್ತಿಲ್ಲ, ಗಟ್ಟಿಯಾಗೇ!" ಎಂದರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತುಂಬ ತೆರೆದು ಮೊದಲಿನಿಂದ ಶುರು ಮಾಡಿದಳು. ದನಿ ನಿಜಕ್ಕೂ ಚೆನ್ನಾಗಿತ್ತು, ನಮ್ಮ ತಂಡದಲ್ಲಿ ಯಾರಿಗೂ ಅಂಥ ದನಿ ಇರಲಿಲ್ಲ. ಗ್ರಾಮ ಪಂಚಾಯಿತಿಯವರಿಗೆ, ಅಡುಗೆಯವರಿಗೆ, ಶಾಮಿಯಾನ ಕೊಟ್ಟವರಿಗೆ, ಡಾಕ್ಟರಿಗೆ ಒಬ್ಬೊಬ್ಬರಿಗೂ ವಂದನೆ ಹೇಳಿದಳು. ಕೊನೆಯದು ಬಾಯಿಪಾಠ ಮಾಡಿದ್ದಲ್ಲ ಎಂದು ಅವಳು ನಿಲ್ಲಿಸಿದ ರೀತಿಯಲ್ಲೇ ತಿಳಿಯಿತು.

"ಮತ್ತೆ ಅಕ್ಕನಿಗೆ. ಅಕ್ಕ ನಮ್ಮ ತರಾನೇ. ನಾಚ್ಕೊಳ್ಳದೆ ಎಲ್ಲಾರ ಮುಂದೆ ಬಂದ್ರು. ಅವರಿಗೂ ವಂದನೆಗಳು."

ಚಪ್ಪಾಳೆ ನಿಲ್ಲುವ ಮೊದಲೇ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹುಡುಗಿ ಕೆಳಗಿಳಿಯದೆ ಕಟ್ಟೆಯ ಅಂಚಿನಲ್ಲೇ ನಿಂತಿದ್ದಳು. ಅಣ್ಣ ಊರು ಹೇಳಿ ಮೀಸೆ ಕಿತ್ತರು. ಮಕ್ಕಳು ನಕ್ಕರು. ಮುದುಕನಾಗಿದ್ದವನು ಬಿಳಿ ವಿಗ್ ತೆಗೆದ. ಮತ್ತೆ ನಕ್ಕರು. ಒದ್ದೆ ಬಟ್ಟೆ ನನ್ನ ಕೈಗೆ ಬಂತು.

ನಾನು ನಿಯಮ ಮೀರುವ ಸ್ವಭಾವದವಳಲ್ಲ. ಬರೆದ ಮಾತು ಬಿಟ್ಟು ಒಂದು ಪದ ಹೆಚ್ಚಿಗೆ ಆಡಿದವಳೂ ಅಲ್ಲ. ಬಟ್ಟೆಯನ್ನು ಹಣೆಗೆ ಒತ್ತಿ ದೊಡ್ಡ ಬೊಟ್ಟು ಒರೆಸಿದೆ. ಕೆನ್ನೆಯ ಕೆಂಪು ಒರೆಸಿದೆ. ಆಮೇಲೆ ಬಟ್ಟೆಯನ್ನು ಭುಜದ ಮೇಲೆ ಹಾಕಿಕೊಂಡು, ರಿಬ್ಬನ್ನು ಎಳೆದು, ಎರಡೂ ಜಡೆ ಬಿಚ್ಚಿ, ಕೂದಲನ್ನು ಒಟ್ಟಿಗೆ ಗಂಟು ಹಾಕಿದೆ. "ನಾನು ಕೋಲಾರದವಳು" ಎಂದು ಹೇಳಿ ಹಲ್ಲು ತೋರಿಸಿ ನಕ್ಕೆ.

ನಿರ್ದೇಶಕರು ನನ್ನನ್ನೇ ನೋಡುತ್ತಿದ್ದರು. ಬಟ್ಟೆ ಇನ್ನೂ ಭುಜದ ಮೇಲಿತ್ತು. ಅವರ ದೃಷ್ಟಿ ನನ್ನಿಂದ ಕಟ್ಟೆಯ ಅಂಚಿನ ಹುಡುಗಿಯ ಕಡೆ ಹೋಯಿತು. ಅವಳೂ ನಗುತ್ತಿದ್ದಳು. ಅವರು ಮೈಕಿನ ಹತ್ತಿರ ಬಂದು "ಎಲ್ಲರಿಗೂ ನಮಸ್ಕಾರ" ಎಂದು ಮುಗಿಸಿಬಿಟ್ಟರು.

ವ್ಯಾನು ಹೊರಡುವಾಗ ಹುಡುಗಿ ಕಿಟಕಿಯ ಹತ್ತಿರ ಓಡಿಬಂದಳು. "ಅಕ್ಕಾ, ನಾನು ಪಿಯುಸಿಗೆ ಕೋಲಾರಕ್ಕೇ ಬರ್ತೀನಿ. ಅಲ್ಲಿ ಸಿಗ್ತೀರಾ?" ಸಿಗುತ್ತೇನೆ ಎಂದೆ.

ಊರು ದಾಟಿದ ಮೇಲೆ ಅಣ್ಣ ಶುರು ಮಾಡಿದರು: "ನನ್ನ ಮೀಸೆ ಬಿಚ್ಚೇ ಇರ್ಲಿಲ್ಲ. ಅದನ್ನ ಒತ್ತೀ ಒತ್ತೀ ಮೂತಿ ನೋಯ್ತಿದೆ ಕಣಮ್ಮಾ."

ನಿರ್ದೇಶಕರು ನಗಲಿಲ್ಲ. ಜಗುಲಿಯಲ್ಲಿ ಕೇಳಿದ್ದನ್ನು, ಟೀ ತಂದಾಗಿನ ಮಾತನ್ನು ಇದ್ದ ಹಾಗೆ ಹೇಳಿದೆ.

"ಸರಿ. ಆದ್ರೆ ಆ ಮಗು ನಿನ್ನನ್ನ ಕೋಲಾರದ ಬಸ್ ಸ್ಟ್ಯಾಂಡಲ್ಲಿ ನೋಡಿದ್ರೆ?" ಎಂದರು.

"ನೋಡಬಹುದು ಸರ್."

"ಆಗ ಏನ್ ಹೇಳ್ತೀಯ?"

ಶ್ರೀನಿವಾಸಪುರದಲ್ಲಿ ಟೀ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದಾಗ ಡ್ರಮ್ಮಿನ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದೆ. ಬಣ್ಣ ಒಂದೇ ಸಲಕ್ಕೆ ಹೋಗಲಿಲ್ಲ, ಎರಡನೇ ಸಲ ಹೋಯಿತು.

ಮುಂದಿನ ವರ್ಷ ನಿರ್ದೇಶಕರು ನಾಟಕವನ್ನು ತಿದ್ದಿದರು. ಪ್ರವೇಶದಲ್ಲಿ ಹಲ್ಲು ಕಿರಿದು ನಿಲ್ಲುವುದನ್ನು ತೆಗೆದರು. ಇಟ್ಟಿಗೆ ಪುಡಿಯ ದೃಶ್ಯ ಉದ್ದವಾಯಿತು. ಹಲ್ಲು ಒರೆಸುವ ನಿಯಮವನ್ನು ತೆಗೆಯಲಿಲ್ಲ, ಆದರೆ ಕೊನೆಯಿಂದ ಮೊದಲಿಗೆ ತಂದರು. ಈಗ ನಾನು ಬಿಳಿ ಹಲ್ಲಿನಲ್ಲಿ ಮಕ್ಕಳ ಮುಂದೆ ಬಂದು, ಅವರು ನೋಡುತ್ತಿರುವಾಗಲೇ ಒಂದೊಂದು ಗೆರೆ ಎಳೆದುಕೊಂಡು, ಒಣಗುವವರೆಗೆ ತುಟಿ ಬಿಚ್ಚಿಕೊಂಡು ನಿಲ್ಲುತ್ತೇನೆ. ಕೆಲವು ಕಡೆ ಮಕ್ಕಳೇ ಎದ್ದು ಬಂದು ಗೆರೆ ಎಲ್ಲಿ ಬರಬೇಕೆಂದು ತೋರಿಸುತ್ತಾರೆ. ರಾಯಲ್ಪಾಡಿನ ಆಚೆಯ ಆ ಶಾಲೆಗೆ ನಾವು ಮತ್ತೆ ಹೋಗಿಲ್ಲ.

ಹುಡುಗಿ ಇಷ್ಟು ಹೊತ್ತಿಗೆ ಪಿಯುಸಿಗೆ ಬಂದಿರಬೇಕು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ಸುಗಳು ನಿಲ್ಲುವ ಕಡೆ ಬೆಳಗ್ಗೆ ಕಾಲೇಜಿನ ಹುಡುಗಿಯರ ಗುಂಪು ಇಳಿಯುತ್ತದೆ. ಅಲ್ಲಿ ಹಾದುಹೋಗುವಾಗ ನಾನು ಬಾಯಿ ಮುಚ್ಚಿಕೊಂಡು ನಡೆಯುತ್ತೇನೆ. ಆದರೆ ಗುಂಪಿನಲ್ಲಿ ಯಾರದಾದರೂ ದನಿ ಗಟ್ಟಿಯಾಗಿ ಕೇಳಿದರೆ ತಿರುಗಿ ನೋಡುತ್ತೇನೆ.