ಡ್ರಮ್ಮಿಗೆ ಸವರಿದ ಎಣ್ಣೆ

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದಾಗ ಮಗಳು ಅರಸೀಕೆರೆಯಿಂದ ಬೆಡ್‌ಪ್ಯಾನ್ ತಂದುಕೊಟ್ಟಳು. ಅವರು ಅದರ ಕವರನ್ನೂ ಬಿಚ್ಚಗೊಡಲಿಲ್ಲ.

"ಕಾಲು ಎಳ್ಕೊಂಡಾದ್ರೂ ಕಕ್ಕಸಿಗೆ ನಾನೇ ಹೋಯ್ತೀನಿ. ಇದ್ರ ಮೇಲೆ ಕೂತ ದಿನ ನಾನು ಸತ್ತೆ ಅಂದ್ಕೊ" ಅಂದರು. ಅದನ್ನು ಮಂಚದ ಕೆಳಗೆ ತಳ್ಳಿದೆ.

ನಮ್ಮ ಕಕ್ಕಸು ಹಿತ್ತಲ ತುದಿಯಲ್ಲಿದೆ. ದಾರಿಯೆಲ್ಲ ತಗ್ಗುದಿಣ್ಣೆ. ನನ್ನ ಹೆಗಲು ಹಿಡಿದು ಹೋಗಬೇಕಾಗಿದ್ದು ಅವರಿಗೆ ಸಾವಿನಷ್ಟು ಕಷ್ಟ. ನನಗೂ ಮಂಡಿನೋವು, ಸುಳ್ಳು ಯಾಕೆ ಹೇಳಲಿ. ಬಾಗಿಲಿಂದ ಅಲ್ಲಿಯವರೆಗೆ ಕಾಂಕ್ರೀಟು ಹಾಕಿದರೆ ಕೋಲು ಊರಿಕೊಂಡು ಒಬ್ಬರೇ ಹೋಗಬಹುದಿತ್ತು. ಗಾರೆಯವನು ಬಂದು ನೋಡಿ, "ಇಷ್ಟಕ್ಕೆಲ್ಲಾ ಕಾಂಕ್ರೀಟು ಕಲಸೋ ಮಿಷನ್ ತರಕ್ಕಾಗಲ್ಲ ಅಜ್ಜಿ" ಅಂತ ಹೋದವನು ತಿರುಗಿ ಬರಲಿಲ್ಲ.

"ಮಿಷನ್ ನಾನೇ ಮಾಡ್ತೀನಿ" ಅಂದರು ಯಜಮಾನರು. ಪಂಪ್‌ಸೆಟ್ ಮೋಟರು ರಿಪೇರಿ ಮಾಡಿ ಮಾಡಿ ಮುದುಕರಾದವರು. ಪಕ್ಕದ ಊರು ಗಂಡಸಿಯಲ್ಲಿ ವೆಲ್ಡಿಂಗ್ ಮಾಡುವ ನನ್ನ ಮೈದುನ ಗುಜರಿಯಿಂದ ಎಣ್ಣೆ ಡ್ರಮ್ಮು, ಯಾವುದೋ ವ್ಯಾನಿನ ಮುರಿದ ಆಕ್ಸಲ್ಲು ಹೊತ್ತು ತಂದ. ಮೋಟರು ಅಟ್ಟದ ಮೇಲೇ ಇತ್ತು. ಅದು ಜೋರಾಗಿ ತಿರುಗುತ್ತೆ, ಡ್ರಮ್ಮು ಮೆಲ್ಲಗೆ ತಿರುಗಬೇಕು. ನಡುವೆ ಬೆಲ್ಟು ಹಾಕಲು ಎರಡು ದೊಡ್ಡ ಚಕ್ರ ಬೇಕಾಯಿತು. ತಮ್ಮ ಸೈಕಲ್ಲಿನ ಎರಡೂ ಚಕ್ರವನ್ನು ಅವರೇ ಒಂದೇ ಕೈಯಲ್ಲಿ ಬಿಚ್ಚಿದರು. ನಟ್ಟು ಬಿಗಿಯಾಗಿತ್ತು. ನಾನು ಹಿಡಿದುಕೊಳ್ಳಲು ಹೋದರೆ, "ದೂರ ಹೋಗೇ" ಅಂದರು.

ಮಿಷನ್ ತಿರುಗಿತು. ಆದರೆ ಮೊದಲ ಸಲ ಕಲಸಿದ್ದು, ಪಾತ್ರೆಗೆ ಹಿಟ್ಟು ಹತ್ತಿದ ಹಾಗೆ, ಡ್ರಮ್ಮಿನ ಗೋಡೆಗೆ ಅಂಟಿ ಕೂತಿತು. ಅವರು ಅದರೊಳಗೆ ತಲೆ ಹಾಕಿ ಕುಡುಗೋಲಲ್ಲಿ ಕೆರೆದರು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

ಅವರು ಊಟಕ್ಕೆ ಕೂತಾಗ ನಾನು ಡಬ್ಬ ತಂದು ಡ್ರಮ್ಮಿನ ಒಳಗೆಲ್ಲ ಕೊಬ್ಬರಿ ಎಣ್ಣೆ ಸವರಿದೆ. ಹಲಸಿನ ಹಣ್ಣು ಕುಯ್ಯುವಾಗ ಮೇಣ ಅಂಟದಿರಲಿ ಅಂತ ಕೈಗೂ ಕತ್ತಿಗೂ ಹಚ್ಚುತ್ತೀವಲ್ಲ, ಹಾಗೆ. ಆಮೇಲೆ ಕಲಸಿದ್ದು ಜಾರಿಕೊಂಡು ಬಂತು.

"ನೋಡ್ದೇನೇ! ಒಳಗಿನ ಕಲಸೋ ರೆಕ್ಕೆ ಚೂರು ಬಗ್ಗಿಸ್ದೆ, ಸರಿಹೋಯ್ತು" ಅಂತ ಅವರು ತಮ್ಮನ ಬೆನ್ನು ತಟ್ಟಿದರು. ಕಾಯಿಲೆ ಬಿದ್ದ ಮೇಲೆ ಆ ಮುಖದಲ್ಲಿ ಅಂಥ ನಗು ನೋಡಿರಲಿಲ್ಲ. ನಾನು ನೀರು ತರುವ ನೆಪದಲ್ಲಿ ಒಂದೊಂದು ಸಲಕ್ಕೂ ಒಂದೊಂದು ಸೌಟು ಎಣ್ಣೆ ಹಾಕಿದೆ. ಡಬ್ಬ ಖಾಲಿಯಾಯಿತು.

ಕಕ್ಕಸಿನವರೆಗೂ ಕಾಂಕ್ರೀಟು ಹಾಕಿ, ಗೋಣಿಚೀಲ ಹೊದಿಸಿ ಎರಡು ವಾರ ನೀರು ಬಿಟ್ಟೆವು. ಚೀಲ ತೆಗೆದ ದಿನ ಅವರು ಒಗೆದ ಪಂಚೆ ಉಟ್ಟು ಕೋಲು ಹಿಡಿದು ಇಳಿದರು. ಐದನೇ ಹೆಜ್ಜೆಗೆ ಕೋಲು ಒಳಗೆ ಇಳಿಯಿತು. ಕಾಂಕ್ರೀಟು ಮರಳಿನ ಹಾಗೆ ಉದುರಿತು. ಅವರು ಬಿದ್ದರು.

ಮೈದುನ ಅವರನ್ನು ಎಬ್ಬಿಸಿ ಜಗುಲಿಯಲ್ಲಿ ಕೂರಿಸಿದ. ಒಂದು ಹೆಂಟೆ ಎತ್ತಿ ಮೂಸಿದ. "ಅತ್ತಿಗೆ, ಇದ್ಯಾಕೆ ಕೊಬ್ಬರಿ ವಾಸ್ನೆ ಬತ್ತೈತೆ?"

ನಾನು ಹೇಳಿಬಿಟ್ಟೆ.

ಯಜಮಾನರು ನನ್ನ ಮುಖ ನೋಡಿದರು. "ಹಲಸಿನ ಹಣ್ಣು ಕುಯ್ಯಕ್ಕೆ ಬಂದಿದ್ಲು ಕಣ್ಲಾ ನಿಮ್ಮತ್ತಿಗೆ" ಅಂದರು. ಮೈದುನನಿಗೆ ನಗು ಬಂತು, ತಡೆದುಕೊಂಡ. "ಕಿತ್ತು ಮತ್ತೆ ಹಾಕಾಣ ಬಿಡಣ್ಣ" ಅಂದ.

"ಬ್ಯಾಡ" ಅಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಆ ಮಂಚದ ಕೆಳಗಿರೋದನ್ನ ತಗಂಬಾ" ಅಂದರು. ಕವರು ನಾನೇ ಬಿಚ್ಚಿದೆ.

ಮುಂದಿನ ಶಿವರಾತ್ರಿ ಅವರಿಗೆ ಸಿಗಲಿಲ್ಲ. ತೆಂಗಿನ ತೋಟದಲ್ಲೇ ಕೂರಿಸಿ ಮಣ್ಣು ಮಾಡಿದೆವು. ಮೇಲೆ ಗದ್ದುಗೆ ಕಟ್ಟಲು ಮೈದುನ ಅದೇ ಮಿಷನ್ ತೋಟಕ್ಕೆ ಎಳೆದುಕೊಂಡು ಹೋದ. ಹಿಂದಿನ ದಿನ ನಾನು ಸೋಪಿನ ಪುಡಿ, ತೆಂಗಿನ ನಾರು ಹಾಕಿ ಡ್ರಮ್ಮನ್ನು ಉಗುರು ಸವೆಯುವಷ್ಟು ಉಜ್ಜಿದೆ. ಅವನು ಬೆರಳಿಂದ ಒಳಗೆ ಸವರಿ, ಮೂಸಿ ನೋಡಿ, ಆಮೇಲೆ ಸಿಮೆಂಟು ಸುರಿದ.

ಸೋಮವಾರ ಸೋಮವಾರ ಅದರ ಮೇಲೆ ಕಾಯಿ ಒಡೆಯುತ್ತೇನೆ. ಈವರೆಗೆ ಒಂದು ಚಕ್ಕೆಯೂ ಎದ್ದಿಲ್ಲ.