ಹಸಿ ಗೆರೆಗೆ ದಾರಿ ಬಿಟ್ಟವರು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ನಾಲ್ಕು ರಸ್ತೆ ಸೇರುವ ಕಡೆ ಒಬ್ಬರು ಮಂಡಿಯೂರಿ ಕುಳಿತಿದ್ದಾರೆ. ಸುಣ್ಣದ ಪುಡಿ ಮೆತ್ತಿದ ದಾರದ ಒಂದು ತುದಿ ಅವರ ಹೆಬ್ಬೆರಳಿನಡಿ, ಇನ್ನೊಂದು ರಸ್ತೆಯಾಚೆ ಭಾಮೈದನ ಕೈಲಿ. ದಾರ ಮೇಲೆತ್ತಿ ಬಿಟ್ಟರೆ ಡಾಂಬರಿನ ಮೇಲೆ ಟಪ್ಪೆಂದು ತೆಳು ಗುರುತು ಬೀಳುತ್ತದೆ. ಅದರ ಮೇಲೆ ಬ್ರಷ್ಷು ಓಡಬೇಕು.

“ಬಿಗಿ ಹಿಡಿಯೋ. ಹಾವು ಹರಿದ ಹಾಗೆ ಬರ್ತಿದೆ.”

“ಬಿಗಿಯಾಗೇ ಇದೆ ಭಾವ. ನಿಮ್ಮ ಕನ್ನಡಕ ಸಡಿಲ.”

ರಸ್ತೆಗೆ ಬಿಳಿ ಗೆರೆ ಬಳಿಯುವ ಇವರನ್ನು ಜೊತೆಗಾರರು ಕರೆಯುವುದು ‘ಪಟ್ಟೆ ಮಾವ’ ಎಂದು. ವಯಸ್ಸು ಐವತ್ತಾರು, ಈ ಕೆಲಸಕ್ಕೆ ಇಪ್ಪತ್ತೆರಡು ವರ್ಷ. ಒಂದು ಬೆಳಗಿಗೆ ವಾಹನ ನಿಲ್ಲುವ ಗೆರೆ ಎಂಟು, ಜನ ದಾಟುವ ಪಟ್ಟೆ ಎರಡು. ಏಳರೊಳಗೆ ಮುಗಿಯಬೇಕು, ಆಮೇಲೆ ರಸ್ತೆ ಇವರದಲ್ಲ. ಮಂಡಿ ಸವೆದು ಹೋಗಿದೆ, ಹಳೇ ಟೈರಿನ ತುಂಡು ಕಟ್ಟಿಕೊಂಡು ಕೂರುತ್ತಾರೆ. “ನನ್ನ ತಲೇಲಿ ಬಣ್ಣ ಎಷ್ಟು, ನರೆ ಎಷ್ಟು ಅಂತ ಮನೆಯವಳಿಗೂ ಲೆಕ್ಕ ಸಿಕ್ಕಲ್ಲ” ಎಂದು ನಗುತ್ತಾರೆ.

ಬಣ್ಣ ಒಣಗಲು ಅರ್ಧ ಗಂಟೆ. ಅಷ್ಟರಲ್ಲಿ ಒಂದು ಚಕ್ರ ಹಾಯ್ದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಹಾಗಾಗಿ ಹಸಿ ಗೆರೆ ಕಂಡರೆ ಈ ಕೆಲಸದವರ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಕಳೆದ ತಿಂಗಳು ಸರಿದದ್ದು ಕಾಲಲ್ಲ, ವ್ಯಾನು.

ಅಂದು ಕೆಲಸ ಮುಗಿಸಿ ಇವರೇ ವ್ಯಾನು ಓಡಿಸಿಕೊಂಡು ಮರಳುತ್ತಿದ್ದರು. ಮುಂದಿನ ವೃತ್ತದಲ್ಲಿ ಇನ್ನೊಂದು ತಂಡ ಆಗಷ್ಟೇ ಬಳಿದಿದ್ದ ಗೆರೆ. ಅಡ್ಡ ಇಟ್ಟಿದ್ದ ತಡೆಯನ್ನು ಯಾರೋ ಸರಿಸಿದ್ದರು. ಸ್ಟೀರಿಂಗ್ ತಿರುಗಿತು, ವ್ಯಾನು ಎದುರು ವಾಹನಗಳ ದಾರಿಗೆ ಇಳಿಯಿತು, ಸೀಟಿ ಕೇಳಿಸಿತು.

“ಗೆರೆ ಕಾಣಿಸ್ಲಿಲ್ವಾ?” ಎಂದರು ಟ್ರಾಫಿಕ್ ಪೊಲೀಸಮ್ಮ.

“ಕಾಣಿಸ್ತು ಮೇಡಂ. ಅದಕ್ಕೇ ಆ ಕಡೆ ಹೋದೆ.”

ಆಕೆ ಬಗ್ಗಿ ಗೆರೆ ಮುಟ್ಟಿದರು. ಬೆರಳು ಬೆಳ್ಳಗಾಯಿತು. ಬಂದ ನಗುವನ್ನು ನುಂಗಿಕೊಂಡು ಹೇಳಿದರು: “ಎದುರಿಂದ ಬಸ್ಸು ಬಂದಿದ್ರೆ ಗೆರೆ ಉಳೀತಿತ್ತು ಯಜಮಾನ್ರೇ, ನೀವು ಉಳೀತಿರ್ಲಿಲ್ಲ.” ಕೇಸು ಬರೆದರು. ವಾದಕ್ಕಿಳಿದ ಭಾಮೈದನನ್ನು ಪಟ್ಟೆ ಮಾವನೇ ಸುಮ್ಮನಿರಿಸಿದರು.

ಸಣ್ಣ ತಪ್ಪೇ. ಆದರೆ ಗುತ್ತಿಗೆದಾರರ ಕಟ್ಟಳೆ ಬೇರೆ: ಕೇಸು ಬಿದ್ದ ಚಾಲಕನಿಗೆ ಬೀದಿ ಕೆಲಸವಿಲ್ಲ, ಗೋದಾಮಿನಲ್ಲಿ ಡಬ್ಬ ತೊಳೆಯಬೇಕು. ಹಾಗೆ ಹೋದ ಇಬ್ಬರಲ್ಲಿ ಒಬ್ಬರೂ ಬ್ರಷ್ಷಿಗೆ ಮರಳಿಲ್ಲ. ಪಟ್ಟೆ ಮಾವನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. “ಮುಚ್ಚಿಡಿ ಅಂದ್ರು ಜೊತೆಯವರು. ಸೆರಗಲ್ಲಿ ಕೆಂಡ ಕಟ್ಕೊಂಡು ಎಷ್ಟು ದಿನ ಓಡಾಡೋದು?” ಮರುದಿನ ತಾವೇ ಹೋಗಿ ಹೇಳಿದರು.

ಗುತ್ತಿಗೆದಾರರು ಮನಸಾರೆ ಬೈದರು. ಬಳಿಕ ಭಾಮೈದನ ಕೈಗೆ ಬ್ರಷ್ಷು ಕೊಟ್ಟು ಅಂಗಳದಲ್ಲಿ ಒಂದು ಗೆರೆ ಎಳೆಸಿದರು. ಅದರ ಡೊಂಕು ನೋಡಿ ಹಣೆ ಚಚ್ಚಿಕೊಂಡರು. “ವ್ಯಾನಿನ ಕೀಲಿ ಇವನಿಗೆ. ಬ್ರಷ್ಷು ನೀವೇ ಹಿಡೀರಿ.”

ಈಗ ಓಡಿಸುವುದು ಭಾಮೈದ. “ಪಕ್ಕದಲ್ಲಿ ಕೂತು ಭಾವ ಕಾಲಡಿಯ ಬರೀ ತಗಡನ್ನೇ ಬ್ರೇಕ್ ಅಂತ ಒತ್ತುತ್ತಾರೆ” ಎಂದು ಕಿಚಾಯಿಸುತ್ತಾನೆ. ಭಾವನಿಗೆ ಬೇಸರವಿಲ್ಲ. “ಪೊಲೀಸಮ್ಮ ಬರೆದದ್ದು ಸರೀನೇ. ನಾನು ಇಳಿದು, ಅಡ್ಡ ನಿಂತು, ಗಾಡಿಗಳನ್ನ ತಡೀಬೇಕಿತ್ತು. ತಲೆ ಓಡ್ಲಿಲ್ಲ, ಕೈ ಓಡ್ತು.”

ಆರೂ ಕಾಲು. ಕೊನೆಯ ಗೆರೆ ಮುಗಿದಿದೆ. ಒಂದು ಸ್ಕೂಟರು ಅವಸರದಿಂದ ಹಾರ್ನ್ ಹೊಡೆಯುತ್ತದೆ. ಪಟ್ಟೆ ಮಾವ ಅಂಗೈ ಎತ್ತಿ ನಿಲ್ಲಿಸುತ್ತಾರೆ. ಪತ್ರಿಕೆಯಲ್ಲಿ ಏನು ಬರೆಯಲಿ ಎಂದರೆ ಸಂಕೋಚಪಡುತ್ತಾರೆ.

“ನನ್ನ ಬಗ್ಗೆ ಬರೆಯೋದೇನಿದೆ? ಒಣಗೋವರೆಗೆ ತುಳೀಬೇಡಿ ಅಂತ ಬರೀರಿ. ಓದಿದವರಲ್ಲಿ ನಾಲ್ಕು ಜನ ನಿಂತ್ರೂ ಸಾಕು.”